ಟೈರು ಕೊನೆಗೆ ನೋಡೋಣ ಅನ್ನುವವರಿಗೆ

ಹಳೆ ಜೀಪನ್ನು ಮೊದಲಿನಂತೆ ಮಾಡಿಸಬೇಕೆಂದು ಬರುವವರ ಮಾತು ಶುರುವಾಗುವುದೇ ಬಣ್ಣದಿಂದ. ಮಿಲಿಟರಿ ಹಸಿರೋ, ಬೂದಿ ಬಣ್ಣವೋ? ಮ್ಯಾಟೋ, ಹೊಳಪಿನದೋ? ಆಮೇಲೆ ಟಾಪಿನ ಟಾರ್ಪಾಲು, ಸೀಟಿನ ರೆಕ್ಸಿನ್, ಸ್ಟೇರಿಂಗ್ ವೀಲು. “ಕಂಪನಿಯಿಂದ ಬಂದ ಹಾಗೇ ಇರಬೇಕು ಸಾರ್, ಒಂದು ಚೂರೂ ಬದಲಾಗಬಾರದು” ಅಂತ ಹೋಗುವಾಗಲೂ ಇನ್ನೊಮ್ಮೆ ಹೇಳುತ್ತಾರೆ. ಸಂತೋಷ. ಹಾಗಾದರೆ ಟೈರು ಯಾವುದು ಹಾಕೋಣ ಎಂದರೆ, “ಅದನ್ನ ಕೊನೆಗೆ ನೋಡೋಣ ಬಿಡಿ.” ಕೊನೆ ಬರುವ ಹೊತ್ತಿಗೆ ದುಡ್ಡೂ ಮುಗಿದಿರುತ್ತದೆ, ತಾಳ್ಮೆಯೂ ಮುಗಿದಿರುತ್ತದೆ. ಭಾವಮೈದ ತನ್ನ ಗಾಡಿಯಿಂದ ಬಿಚ್ಚಿಟ್ಟ ಅಗಲದ ಟೈರು, ಅಲಾಯ್ ರಿಮ್ಮು ಪುಕ್ಕಟೆ ಸಿಕ್ಕಿರುತ್ತವೆ. ಜೀಪಿನ ಚಕ್ರಕ್ಕೆ ಐದು ಬೋಲ್ಟು, ಅವು ಕೂರುವುದು ಐದೂವರೆ ಇಂಚಿನ ವೃತ್ತದಲ್ಲಿ. ಬೇರೆ ಕೆಲವು ಗಾಡಿಗಳ ರಿಮ್ಮೂ ಜೀಪಿನ ಹಬ್ಬಿಗೆ (ರಿಮ್ಮನ್ನು ಹಿಡಿದಿಡುವ ನಡುಭಾಗಕ್ಕೆ) ಸಲೀಸಾಗಿ ಕೂತುಬಿಡುತ್ತದೆ. ತಾಪತ್ರಯ ಹುಟ್ಟುವುದೇ ಅಲ್ಲಿ.

ಇಲ್ಲಿ ಹೇಳುತ್ತಿರುವುದು ಮಹೀಂದ್ರ ಸಿಜೆ-3ಬಿ ಬಗ್ಗೆ. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ತೋಟದ ಶೆಡ್ಡುಗಳಲ್ಲಿ ಇವತ್ತಿಗೂ ಸಿಗುವ ಹೈ ಬಾನೆಟ್ ಜೀಪು. ಇದರ ಮೂಲಪುರುಷನನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ತನ್ನ ಕಾಗದಪತ್ರದಲ್ಲಿ ಕರೆದದ್ದು ಕಾಲು ಟನ್ನಿನ ಫೋರ್ ವೀಲ್ ಡ್ರೈವ್ ಟ್ರಕ್ ಅಂತಲೇ. 1953ರಲ್ಲಿ ವಿಲ್ಲಿಸ್ ಕಂಪನಿ ಇದಕ್ಕೆ ಎಫ್-ಹೆಡ್ ಹರಿಕೇನ್ ಎಂಜಿನ್ ಕೂರಿಸಿತು. ಇನ್‌ಟೇಕ್ ವಾಲ್ವುಗಳು ಬ್ಲಾಕಿನಿಂದ ಹೆಡ್ಡಿಗೆ ಏರಿದವು, ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಏರಿತು. 80 ಇಂಚಿನ ಗಿಡ್ಡ ವೀಲ್‌ಬೇಸು, ಮೇಲೆ ಎತ್ತರದ ಬಾನೆಟ್ಟು, ಕೆಳಗೆ ಸಪೂರ ಟೈರು. ಈ ಮೂರೂ ಸೇರಿದರೇ ಅದು ಸಿಜೆ-3ಬಿ. ಮೂರನೆಯದನ್ನು ಬದಲಿಸಿದಿರೋ, ಬಣ್ಣದ ಶೇಡು ಎಷ್ಟು ಕರಾರುವಾಕ್ಕಾಗಿದ್ದರೂ ದೂರದಿಂದ ನೋಡಿದವನಿಗೆ ಮದುವೆ ಮೆರವಣಿಗೆಗೆ ಸಿಂಗರಿಸಿದ ಗಾಡಿಯಂತೆ ಕಾಣುತ್ತದೆ.

ಟೈರಿನ ಮೂಲ ಅಳತೆ 6.00-16, ಅಂದರೆ 16 ಇಂಚಿನ ರಿಮ್ಮಿಗೆ ಆರು ಇಂಚಿನ ಟೈರು; ರಿಮ್ಮಿನ ಅಗಲ ನಾಲ್ಕೂವರೆ ಇಂಚು. ಟೈರಿನ ಒಟ್ಟು ಎತ್ತರ ಸುಮಾರು 28.5 ಇಂಚು, ಅಗಲ ಆರು ಇಂಚಿನ ಚಿಲ್ಲರೆ. ಇದರ ಬದಲು ಜನ ಹಾಕಿಸುವುದು ಹೆಚ್ಚಾಗಿ 235/75 ಆರ್15, ಅಂದರೆ 15 ಇಂಚಿನ ರಿಮ್ಮಿಗೆ 235 ಮಿ.ಮೀ. ಅಗಲದ ಟೈರು. ಅದರ ಎತ್ತರ 28.9 ಇಂಚು, ಹೆಚ್ಚುಕಡಿಮೆ ಅಷ್ಟೇ. “ಎತ್ತರ ಅಷ್ಟೇ ಇದೆಯಲ್ಲ, ಮತ್ತೇನು ತೊಂದರೆ?” ಎನ್ನುತ್ತಾರೆ. ತೊಂದರೆ ಅಗಲದಲ್ಲಿದೆ. ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ತಲೆಯಾಡಿಸಿ ಹೋಗಿ ಅದನ್ನೇ ಹಾಕಿಸುತ್ತಾರೆ, ಆದ್ದರಿಂದ ಇಲ್ಲಿ ನಿಧಾನವಾಗಿ ಬರೆಯುತ್ತೇನೆ.

ಒಂದೊಂದು ಟೈರೂ ಸುಮಾರು ಮೂರು ಇಂಚು ದಪ್ಪವಾಯಿತು. ಆ ಮೂರು ಇಂಚು ಎಲ್ಲಿಗೆ ಹೋಗಬೇಕು? ಒಳಗೆ ಹೋದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಸ್ಪ್ರಿಂಗ್ ಪ್ಲೇಟಿಗೆ, ಇಲ್ಲವೇ ಚಾಸಿಗೆ ಉಜ್ಜುತ್ತದೆ. ಅದನ್ನು ತಪ್ಪಿಸಲು ಚಕ್ರ ಹೆಚ್ಚು ತಿರುಗದಂತೆ ತಡೆಯುವ ಸ್ಟಾಪ್ ಬೋಲ್ಟನ್ನು ಹೊರಗೆ ಎಳೆಯುತ್ತಾರೆ, ತೋಟದ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುತ್ತಿದ್ದ ಜೀಪು ರಿವರ್ಸ್ ಕೇಳತೊಡಗುತ್ತದೆ. ಅದಕ್ಕೇ ಹೆಚ್ಚಿನವರು ಹೊರಕ್ಕೆ ಚಾಚುವ ರಿಮ್ಮು ಹಾಕಿಸುತ್ತಾರೆ, ಅಥವಾ ಹಬ್ಬಿಗೂ ರಿಮ್ಮಿಗೂ ನಡುವೆ ಸ್ಪೇಸರ್ ಬಿಲ್ಲೆ ಕೊಡಿಸುತ್ತಾರೆ. ಇದು ಇನ್ನೂ ಕೆಟ್ಟದ್ದು. ಮುಂದಿನ ಹಬ್ಬಿನೊಳಗೆ ಎರಡು ಬೇರಿಂಗುಗಳಿವೆ. ಮೂಲ ರಿಮ್ಮಿನಲ್ಲಿ ಗಾಡಿಯ ಭಾರ ಆ ಎರಡರ ಮೇಲೂ ಹಂಚಿಹೋಗುವಂತೆ ಟೈರು ಕೂತಿರುತ್ತದೆ. ಟೈರು ಹೊರಗೆ ಸರಿದಷ್ಟೂ ಭಾರ ಹೊರಗಿನ ಬೇರಿಂಗಿನ ಮೇಲೆ ಬೀಳುತ್ತದೆ. ಜೊತೆಗೆ, ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಅಚ್ಚಾದ ಕಿಂಗ್ ಪಿನ್ನಿನ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುವಿಗೂ ಇರುವ ಅಂತರ ಹೆಚ್ಚುತ್ತದೆ. ಒಂದು ಚಕ್ರ ಕಲ್ಲಿಗೆ ಹೊಡೆದರೆ ಆ ಏಟು ಅಷ್ಟು ಉದ್ದದ ಸನ್ನೆಗೋಲಿನ ಮೂಲಕ ಸ್ಟೇರಿಂಗಿಗೆ ಬರುತ್ತದೆ. ಈ ಜೀಪಿನಲ್ಲಿರುವುದು ರಾಸ್ ಕಂಪನಿಯ ಕ್ಯಾಮ್ ಆ್ಯಂಡ್ ಲಿವರ್ ಸ್ಟೇರಿಂಗ್ ಬಾಕ್ಸು, ನಡುವೆ ಅದರ ಚಲನೆಯನ್ನು ಚಕ್ರಗಳ ರಾಡಿಗೆ ತಿರುಗಿಸಿ ಕೊಡುವ ಒಂದು ಬೆಲ್‌ಕ್ರ್ಯಾಂಕು. ಎರಡೂ ಸಪೂರ ಟೈರಿಗೆಂದು ಮಾಡಿದವು. ಮೊದಲು ಬೆಲ್‌ಕ್ರ್ಯಾಂಕಿನ ಪಿನ್ನು ಸವೆಯುತ್ತದೆ, ಆಮೇಲೆ ಬಾಕ್ಸಿನೊಳಗಿನ ಲಿವರ್ ಪಿನ್ನು. ಕೆಲವು ಗಾಡಿಗಳಲ್ಲಿ ಸ್ಟೇರಿಂಗ್ ಬಾಕ್ಸ್ ಹಿಡಿದಿರುವ ಜಾಗದಲ್ಲಿ ಚಾಸಿಯೇ ಬಿರುಕು ಬಿಡುತ್ತದೆ.

ಇನ್ನು 31 ಇಂಚಿನ ಟೈರು ಕೇಳುವವರು. ಲೆಕ್ಕ ನೋಡಿ. ಆ್ಯಕ್ಸಲ್ ರೇಶಿಯೋ, ಅಂದರೆ ಚಕ್ರ ಒಂದು ಸುತ್ತು ಹಾಕಲು ಪ್ರೊಪೆಲ್ಲರ್ ಶಾಫ್ಟು ಹಾಕುವ ಸುತ್ತು, 5.38. ಟೈರು 28.5ರಿಂದ 31ಕ್ಕೆ ಹೋದರೆ ಅದು 4.95 ಇದ್ದಂತಾಗುತ್ತದೆ. ಫಸ್ಟ್ ಗೇರು 2.80, ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ 2.46, ಎಲ್ಲಾ ಗುಣಿಸಿದರೆ ಮೂಲ ಜೀಪಿನಲ್ಲಿ 37ಕ್ಕೆ 1 ಸಿಗುತ್ತದೆ. ದೊಡ್ಡ ಟೈರಿನಲ್ಲಿ 34, ಅಂದರೆ ಎಳೆಯುವ ಬಲ ಅಷ್ಟು ಕಡಿಮೆ. ಏರಿನಲ್ಲಿ ಕ್ಲಚ್ ಸುಡುವ ವಾಸನೆ ಬಂದರೆ ಮೆಕ್ಯಾನಿಕ್ಕನ್ನು ಬೈಯಬೇಡಿ. ಸ್ಪೀಡೋಮೀಟರು 60 ತೋರಿಸುವಾಗ ನೀವು 65ರಲ್ಲಿರುತ್ತೀರಿ. ಬ್ರೇಕು ಅದೇ 9 ಇಂಚಿನ ಡ್ರಮ್ಮು; ಅಷ್ಟೇ ದೂರದಲ್ಲಿ ನಿಲ್ಲಲು ಶೇಕಡ 9ರಷ್ಟು ಹೆಚ್ಚು ಹಿಡಿತ ಬೇಕು, ಚಕ್ರದ ತೂಕ ಏರಿದ್ದು ಬೇರೆ.

ಇಷ್ಟಾದ ಮೇಲೆ 40-50 ಕಿ.ಮೀ. ವೇಗದಲ್ಲಿ ಮುಂದಿನ ಚಕ್ರಗಳು ಗಡಗಡ ಅಲುಗಲು ಶುರು. ಆಗ ಎಲ್ಲರೂ ಓಡುವುದು ಅಲುಗಾಟ ಹೀರುವ ಸ್ಟೇರಿಂಗ್ ಡ್ಯಾಂಪರ್ ಹಾಕಿಸಲು. ಡ್ಯಾಂಪರು ರೋಗವನ್ನು ಮುಚ್ಚಿಡುತ್ತದೆ, ವಾಸಿ ಮಾಡುವುದಿಲ್ಲ. ಮೊದಲು ಮುಂಭಾಗ ಜಾಕಿ ಕೊಟ್ಟು ಎತ್ತಿ, ಟೈರಿನ ಮೇಲ್ತುದಿ, ಕೆಳತುದಿ ಹಿಡಿದು ಅಲುಗಿಸಿ. ಆಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಟ ನಿಂತುಹೋದರೆ ವೀಲ್ ಬೇರಿಂಗ್. ಆಗಲೂ ಉಳಿದರೆ ಕಿಂಗ್ ಪಿನ್. ಕಿಂಗ್ ಪಿನ್ ಬೇರಿಂಗುಗಳು ಮೇಲೊಂದು ಕೆಳಗೊಂದು ಇದ್ದು, ಬಿಗಿಯನ್ನು ಹೊಂದಿಸುವುದು ಶಿಮ್ಮು ಎಂಬ ತೆಳು ಬಿಲ್ಲೆಗಳಿಂದ. ಶಿಮ್ ತೆಗೆದರೆ ಬಿಗಿಯಾಗುತ್ತದೆ. ಮೇಲಿನವನ್ನು ಮಾತ್ರ ತೆಗೆಯುತ್ತ ಹೋದರೆ ನಕಲ್ (ಚಕ್ರವನ್ನು ಹೊತ್ತು ತಿರುಗುವ ಭಾಗ) ಒಂದು ಕಡೆ ಸರಿದು ಆ್ಯಕ್ಸಲ್ ತುದಿಯ ಗುಂಡಿನ ಸುತ್ತಲಿನ ಸೀಲು ಓರೆಯಾಗಿ ಸವೆಯುತ್ತದೆ. ಬಿಗಿಯನ್ನು ಸೀಲ್ ಬಿಚ್ಚಿ, ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ಅಳೆಯಬೇಕು. ಎಷ್ಟು ಪೌಂಡು ಎಂಬುದಕ್ಕೆ ನಿಮ್ಮ ಗಾಡಿಯ ವರ್ಷದ ಮ್ಯಾನ್ಯುಯಲ್ ನೋಡಿ, ಅಂದಾಜು ಬೇಡ. ಆಮೇಲೆ ಟೈ ರಾಡ್ ತುದಿಗಳು, ಬೆಲ್‌ಕ್ರ್ಯಾಂಕು, ಯು-ಬೋಲ್ಟು. ಇವೆಲ್ಲ ಸರಿಯಾದ ಬಳಿಕವೇ ಅಲೈನ್‌ಮೆಂಟ್: ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿದ ಕೋನ) 3 ಡಿಗ್ರಿ, ಕ್ಯಾಂಬರ್ (ಚಕ್ರದ ಮೇಲ್ತುದಿ ಹೊರಕ್ಕೆ ವಾಲಿದ ಕೋನ) ಒಂದೂವರೆ, ಟೋ-ಇನ್ (ಚಕ್ರಗಳು ಮುಂದೆ ಒಳಕ್ಕೆ ತಿರುಗಿರುವ ಅಳತೆ) 3/64ರಿಂದ 3/32 ಇಂಚು. ಮುಂದಿನ ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಉದ್ದ ಮಾಡಿಸಿ ಗಾಡಿ ಎತ್ತಿಸಿದ್ದರೆ ಕ್ಯಾಸ್ಟರ್ ಆಗಲೇ ಕಳೆದುಹೋಗಿರುತ್ತದೆ. ಟೋ-ಇನ್ ಎಷ್ಟು ತಿರುವಿದರೂ ಅದು ವಾಪಸ್ ಬರುವುದಿಲ್ಲ.

6.00-16 ಸಿಗುವುದಿಲ್ಲ ಎನ್ನುವುದು ಇನ್ನೊಂದು ನೆಪ. ಸಿಗುತ್ತದೆ. ಆದರೆ ಎಚ್ಚರಿಕೆ: ಟ್ರ್ಯಾಕ್ಟರಿನ ಮುಂದಿನ ಟೈರಿನ ಅಳತೆಯೂ 6.00-16. ಉದ್ದುದ್ದ ಗೆರೆಯ ಆ ಟೈರು ಅಗ್ಗ, ತಾಲ್ಲೂಕಿನ ಯಾವ ಅಂಗಡಿಯಲ್ಲಾದರೂ ಇರುತ್ತದೆ, ರಿಮ್ಮಿಗೂ ಕೂರುತ್ತದೆ. ಅದು ಹೊಲದ ವೇಗಕ್ಕೆ ಮಾಡಿದ್ದು. ಹೆದ್ದಾರಿಯಲ್ಲಿ ಬಿಸಿಯಾಗಿ ಬಿರಿಯುತ್ತದೆ. ಜೀಪಿಗೆ, ಲಘು ವಾಹನಕ್ಕೆಂದು ಬರುವ ಟೈರನ್ನೇ ಕೇಳಿ, ಪಕ್ಕದಲ್ಲಿ ಅಚ್ಚಾದ ಲೋಡ್ ಮತ್ತು ವೇಗದ ಗುರುತು ಓದಿ. ತಯಾರಾದ ವಾರ, ವರ್ಷವನ್ನು ಹೇಳುವ ನಾಲ್ಕು ಅಂಕಿಗಳನ್ನೂ ನೋಡಿ. ಈ ಅಳತೆ ಬೇಗ ಖರ್ಚಾಗದ ಕಾರಣ ಅಂಗಡಿಯಲ್ಲೇ ವರ್ಷಗಟ್ಟಲೆ ಒಣಗಿರಬಹುದು. ಟ್ಯೂಬು ಹೊಸದೇ ಇರಲಿ. ಗಾಳಿ ಮುಂದೆ 26, ಹಿಂದೆ 28 ಪಿಎಸ್‌ಐ. ಎಡಬದಿಯ ನಟ್ಟುಗಳು ಹಲವು ಹಳೆ ಜೀಪುಗಳಲ್ಲಿ ಎಡ ಮರೆಯವು, ಅಂದರೆ ಬಿಚ್ಚಲು ಬಲಕ್ಕೆ ತಿರುವಬೇಕು. ಉಲ್ಟಾ ತಿರುವಿ ಸ್ಟಡ್ ಮುರಿದುಕೊಳ್ಳಬೇಡಿ.

ಸಪೂರ ಟೈರಿಗೆ ದೋಷವಿಲ್ಲವೆಂದಲ್ಲ. ಒದ್ದೆ ಟಾರು ರಸ್ತೆಯಲ್ಲಿ ಅದರ ಹಿಡಿತ ಕಡಿಮೆ, ನಿಲ್ಲಲು ಜಾಗ ಹೆಚ್ಚು ಬೇಕು. ಮಳೆಗಾಲದ ಕೆಸರಿನಲ್ಲಿ ಮಾತ್ರ ಅದು ಮೇಲಿನ ರಾಡಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹುಡುಕುತ್ತದೆ. ದಿನಾ ಘಾಟಿ ಇಳಿದು ಪೇಟೆಗೆ ಓಡಾಡುವವರು ಬೇರೆ ಗಾಡಿ ಇಟ್ಟುಕೊಳ್ಳುವುದು ವಾಸಿ.

ಟೈರಿನಷ್ಟೇ ನಿಲುವನ್ನು ಕೆಡಿಸುವುದು ಪ್ಲೇಟು. ಕಾಫಿ ಮೂಟೆ ಹೊರಲೆಂದು ಹಿಂದೆ ಒಂದೆರಡು ಪ್ಲೇಟು ಹೆಚ್ಚಿಗೆ ಕಟ್ಟಿಸಿರುತ್ತಾರೆ; ಖಾಲಿ ಗಾಡಿ ಮುಂದಕ್ಕೆ ಮುಗ್ಗರಿಸಿದಂತೆ ನಿಲ್ಲುತ್ತದೆ. ಹೆಚ್ಚಿನವನ್ನು ತೆಗೆಸಿ. ಸೋತ ಪ್ಲೇಟನ್ನು ಬಾಗಿಸಿ ಕೊಡುವವರಿದ್ದಾರೆ, ಆದರೆ ಸರಿಯಾಗಿ ಹದ ಹಾಕದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಕೂರುತ್ತದೆ. ಬಜೆಟ್ ಇದ್ದರೆ ಹೊಸ ಸೆಟ್ಟೇ ಹಾಕಿ.

ಕಣ್ಣಿಗೆ ಕಾಣದ ಸುಧಾರಣೆಗೆ ನನ್ನ ಅಡ್ಡಿಯಿಲ್ಲ. ಮಾಸ್ಟರ್ ಸಿಲಿಂಡರ್ ನೆಲದ ಕೆಳಗಿದೆ. ಒಂದೇ ಸರ್ಕ್ಯೂಟಿನ ಬದಲು ಎರಡು ಸರ್ಕ್ಯೂಟಿನದು ಹಾಕಿದರೆ ಹೊರಗೆ ಯಾರಿಗೂ ಗೊತ್ತಾಗದು, ಒಂದು ಪೈಪು ಒಡೆದರೂ ಅರ್ಧ ಬ್ರೇಕು ಉಳಿಯುತ್ತದೆ. ಹೆಡ್‌ಲೈಟಿಗೆ ರಿಲೇ, ಬ್ಯಾಟರಿ ಹತ್ತಿರ ಫ್ಯೂಸು ಹಾಕಿ. ಹರಿಕೇನ್ ಎಂಜಿನ್ ಸೀಸ ಬೆರೆತ ಪೆಟ್ರೋಲಿನ ಕಾಲದ್ದು; ವಾಲ್ವ್ ಸೀಟು ಸವೆಯದಂತೆ ಕಾಯುತ್ತಿದ್ದುದು ಆ ಸೀಸ. ದೇಶದಲ್ಲಿ ಅಂಥ ಪೆಟ್ರೋಲು 2000ದಲ್ಲೇ ನಿಂತಿತು. ಹೇಗೂ ಎಂಜಿನ್ ಬಿಚ್ಚಿದ್ದೀರೆಂದರೆ ಎಕ್ಸಾಸ್ಟಿಗೆ ಗಟ್ಟಿ ವಾಲ್ವ್ ಸೀಟು ಕೂರಿಸಿ, ಅದಕ್ಕಾಗಿಯೇ ಬಿಚ್ಚಬೇಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಹಳೆ ರಬ್ಬರನ್ನು ತಿನ್ನುತ್ತದೆ. ಪೆಟ್ರೋಲ್ ಟ್ಯಾಂಕು ಇರುವುದು ಡ್ರೈವರ್ ಸೀಟಿನ ಕೆಳಗೇ, ಆದ್ದರಿಂದ ಹೋಸು, ಪಂಪಿನ ಡಯಾಫ್ರಾಮು ಎಥನಾಲ್ ತಡೆಯುವವೇ ಇರಲಿ. ಟ್ಯಾಪೆಟ್ ಸಂದು ಎಂಜಿನ್ ತಣ್ಣಗಿದ್ದಾಗ ಇನ್‌ಟೇಕ್ 0.018, ಎಕ್ಸಾಸ್ಟ್ 0.016 ಇಂಚು. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ 90 ನಂಬರ್ ಆಯಿಲ್. ಜಿಎಲ್-5 ಹಿತ್ತಾಳೆ ಸಿಂಕ್ರೋ ರಿಂಗಿಗೆ ಒಳ್ಳೆಯದಲ್ಲ.

ಬಾಡಿ, ಬಣ್ಣದ ಬಗ್ಗೆ ಎಲ್ಲರಿಗೂ ಗೊತ್ತು, ನಾನು ಹೇಳುವುದು ಕಡಿಮೆ. ಮ್ಯಾಗ್ನೆಟ್ ಅಂಟದ ಕಡೆ ಪುಟ್ಟಿ ಇದೆ. ನೆಲದ ಅಡಿಯ ಚಾನಲ್ಲು ತುಕ್ಕು ಹಿಡಿದಿದ್ದರೆ ಮೇಲಿನ ತಗಡು ಬದಲಿಸಿ ಪ್ರಯೋಜನವಿಲ್ಲ. ಗ್ರಿಲ್ಲಿಗೆ ಕ್ರೋಮ್ ಬೇಡ, ದಯವಿಟ್ಟು.

ಕಾಗದದ ವಿಷಯವೂ ಇದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಲ್ಲಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ನವೀಕರಣಕ್ಕೆ 5,000. ಷರತ್ತು: ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಆ ನಂಬರಿನಲ್ಲಿ ದಿನನಿತ್ಯದ ಓಡಾಟವಾಗಲೀ ಬಾಡಿಗೆಯಾಗಲೀ ಮಾಡುವಂತಿಲ್ಲ. ಎಷ್ಟೋ ಪೆಟ್ರೋಲ್ ಜೀಪುಗಳು ಹಿಂದೆ ಯಾವಾಗಲೋ ಡೀಸೆಲ್ ಆಗಿವೆ, ಆರ್‌ಸಿಯಲ್ಲಿ ಮಾತ್ರ ಇನ್ನೂ ಪೆಟ್ರೋಲ್. ಅಂಥದ್ದನ್ನು ಕೊಳ್ಳುವ ಮುನ್ನವೇ ಆರ್‌ಟಿಒದಲ್ಲಿ ವಿಚಾರಿಸಿ, ಕೆಲಸ ಮುಗಿದ ಮೇಲಲ್ಲ. ಚಾಸಿ ನಂಬರು ಕೊರೆದ ಜಾಗಕ್ಕೆ ಸ್ಯಾಂಡ್‌ಬ್ಲಾಸ್ಟಿಂಗ್ ಆಗಲೀ ಗ್ರೈಂಡರ್ ಆಗಲೀ ತಾಗದಂತೆ ಟೇಪು ಸುತ್ತಿ, ಅದಕ್ಕೂ ಮೊದಲು ಕಾಗದ ಇಟ್ಟು ಪೆನ್ಸಿಲಿನಿಂದ ಅಚ್ಚು ತೆಗೆದು ಆರ್‌ಸಿ ಜೊತೆಗಿಡಿ.