ಎಲ್ಲರೆದುರಿನ ವಿರಹ, ಒಬ್ಬರ ಕಿವಿಯ ಒಂಟಿತನ

ಒಂಟಿತನದ ಹಾಡುಗಳು ಕೇಳುಗರನ್ನು ಸಂತೈಸುತ್ತವೆಯೇ ಅಥವಾ ಅವರನ್ನು ಇನ್ನಷ್ಟು ಒಂಟಿಯಾಗಿಸುತ್ತವೆಯೇ ಎಂಬ ವಾದ ಹಳೆಯದು. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾಮಾಜಿಕ ಸಂಬಂಧಗಳ ಕುರಿತು ಆಯೋಗವೊಂದನ್ನು ರಚಿಸಿ ಒಂಟಿತನವನ್ನು ಆರೋಗ್ಯದ ಪ್ರಶ್ನೆಯಾಗಿ ಎತ್ತಿಕೊಂಡ ಮೇಲೆ, ಹಾಡಿನ ಸಾಲುಗಳನ್ನು ಅನುಮಾನದಿಂದ ನೋಡುವುದು ಇನ್ನಷ್ಟು ಸುಲಭವಾಗಿದೆ. ಆದರೆ ಈ ಅನುಮಾನ ಸಾಹಿತ್ಯವನ್ನಷ್ಟೇ ನೋಡುತ್ತದೆ, ಅದನ್ನು ಕೇಳುವ ರೀತಿ ಹೇಗೆ ಬದಲಾಯಿತು ಎಂಬುದನ್ನು ಮರೆಯುತ್ತದೆ.

ಸಂಗಂ ಕಾಲದ ತಮಿಳು ಕವಿತೆಗಳಿಂದ ಹಿಡಿದು, ಕಾಯುವ ಹೆಣ್ಣಿನ ಹನ್ನೆರಡು ತಿಂಗಳುಗಳನ್ನು ಎಣಿಸುವ ಉತ್ತರ ಭಾರತದ ಬಾರಹಮಾಸಾ ಹಾಡುಗಳವರೆಗೆ, ವಿರಹದ ಹಾಡಿನಲ್ಲಿ ಅಗಲಿದವರು ಯಾರು, ಏಕೆ ಹೋದರು ಎಂಬುದು ಬಹುಮಟ್ಟಿಗೆ ತಿಳಿದೇ ಇರುತ್ತಿತ್ತು. ಆ ನೋವನ್ನು ಹಾಡುವಾಗ ಸುತ್ತ ಜನರೂ ಇರುತ್ತಿದ್ದರು.

ತಿರುವು ಬಂದದ್ದು ಧ್ವನಿಮುದ್ರಣದಿಂದ. ಆರಂಭದ ಗಾಯಕರು ತಗಡಿನ ಕೊಳವೆಯೊಂದರ ಎದುರು ಗಟ್ಟಿ ದನಿಯಲ್ಲಿ ಹಾಡಬೇಕಿತ್ತು. 1925ರಲ್ಲಿ ಮೈಕ್ರೊಫೋನ್ ಬಳಸುವ ವಿದ್ಯುತ್ ಧ್ವನಿಮುದ್ರಣ ಬಳಕೆಗೆ ಬಂದ ಮೇಲೆ ಪಿಸುದನಿಯೂ ದಾಖಲಾಗತೊಡಗಿತು. ಸಭೆಗೆ ಕೇಳಲೆಂದು ಹಾಡುತ್ತಿದ್ದವರು ಒಬ್ಬರಿಗೇ ಹೇಳುವಂತೆ ಹಾಡಲು ಸಾಧ್ಯವಾಯಿತು, ಸಾಹಿತ್ಯದ ‘ನೀನು’ ನೇರವಾಗಿ ಕೇಳುಗನ ಕಡೆಗೇ ತಿರುಗಿದಂತಾಯಿತು. ಹತ್ತು ಇಂಚಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಅಷ್ಟರಲ್ಲಿ ಅಗಲಿಕೆಯ ಇಡೀ ಕಥೆಗೆ ಜಾಗವಿರಲಿಲ್ಲ; ಪಲ್ಲವಿಯೂ ಅದರ ಒಂದು ಭಾವವೂ ಉಳಿದವು. ಇದೇ ದಶಕಗಳಲ್ಲಿ, ಅಂದರೆ ಸರಿಸುಮಾರು 1910ರಿಂದ 1970ರ ನಡುವೆ, ಅಮೆರಿಕದ ದಕ್ಷಿಣ ರಾಜ್ಯಗಳನ್ನು ತೊರೆದು ಹೊರಟ ಸುಮಾರು 60 ಲಕ್ಷ ಕಪ್ಪು ಜನರೊಂದಿಗೆ ಅವರದೇ ನೋವಿನ ಹಾಡುಗಳಾದ ಬ್ಲೂಸ್ ಕೂಡ ನಗರಗಳನ್ನು ಸೇರಿದವು. ರೈಲು, ಪತ್ರ, ಹಿಂದೆ ಉಳಿದ ಮನೆ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

1979ರಲ್ಲಿ ಓಡಾಡುತ್ತಲೇ ಹಾಡು ಕೇಳಬಹುದಾದ ಪುಟ್ಟ ಕ್ಯಾಸೆಟ್ ಯಂತ್ರ, ಸೋನಿ ಕಂಪನಿಯ ಮೊದಲ ವಾಕ್‌ಮನ್, ಬಂದಾಗ ಅದರಲ್ಲಿ ಇಬ್ಬರು ಜೊತೆಯಾಗಿ ಕೇಳಲು ಎರಡು ಹೆಡ್‌ಫೋನ್ ಕಿಂಡಿಗಳಿದ್ದವು; ಹಾಡಿನ ದನಿ ತಗ್ಗಿಸಿ ಪರಸ್ಪರ ಮಾತಾಡಲು ಕಿತ್ತಳೆ ಬಣ್ಣದ ಗುಂಡಿಯೊಂದಿತ್ತು. ಒಬ್ಬರೇ ಕೇಳುವುದು ಅಸಭ್ಯವೆನಿಸೀತೆಂಬ ಅಳುಕು ತಯಾರಕರಿಗಿತ್ತು. ಅಳುಕು ಅನಗತ್ಯವಾಗಿತ್ತು: ಜನರಿಗೆ ಬೇಕಿದ್ದುದು ಒಬ್ಬರೇ ಕೇಳುವ ಸುಖವೇ ಆಗಿದ್ದರಿಂದ ಮುಂದಿನ ಮಾದರಿಗಳಲ್ಲಿ ಎರಡನೆಯ ಕಿಂಡಿಯೂ ಆ ಗುಂಡಿಯೂ ಮಾಯವಾದವು.

ಇಂದಿನ ಸ್ಟ್ರೀಮಿಂಗ್ ಸೇವೆಗಳು ಹಾಡುಗಳನ್ನು ಮನಸ್ಥಿತಿಗೆ ತಕ್ಕಂತೆಯೂ ಜೋಡಿಸಿಕೊಡುತ್ತವೆ. ಈಗಿನ ಎಷ್ಟೋ ಹಾಡುಗಳಲ್ಲಿ ಅಗಲಿದವರ ಗುರುತೇ ಇರುವುದಿಲ್ಲ, ಕೆಲವದರಲ್ಲಿ ಅಗಲಿದವರೇ ಇರುವುದಿಲ್ಲ. ಇದನ್ನು ಸಾಹಿತ್ಯದ ಬಡತನ ಎನ್ನುವವರಿದ್ದಾರೆ. ಖಾಲಿ ಬಿಟ್ಟ ಆ ಜಾಗದಲ್ಲಿ ಕೇಳುಗ ತನ್ನವರನ್ನೇ ಕೂರಿಸಿಕೊಳ್ಳಬಹುದು ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ದುಃಖದ ಸಂಗೀತದ ಬಗ್ಗೆ 772 ಜನರನ್ನು ಕೇಳಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಅಂಥ ಸಂಗೀತ ಎಬ್ಬಿಸುವ ಭಾವಗಳಲ್ಲಿ ದುಃಖಕ್ಕಿಂತ ಹಳೆಯ ನೆನಪಿನ ಹಂಬಲವೇ ಮುಂದಿತ್ತು. ಅಂಥ ಸಂಗೀತದ ಮೊರೆ ಹೋಗುವುದು ಯಾವಾಗ ಎಂಬ ಪ್ರಶ್ನೆಗೆ ಬಂದ ಉತ್ತರಗಳಲ್ಲಿ, ಒಂಟಿತನ ಕಾಡಿದಾಗ ಎಂಬುದೂ ಒಂದಾಗಿತ್ತು.