ನೋಡಿ ಕಲಿಯುವವನಾ, ಕೇಳಿ ಕಲಿಯುವವನಾ?

ಪಾಲಕರ ಸಭೆಯಲ್ಲಿ ಈಚೆಗೆ ಈ ಮಾತು ಜಾಸ್ತಿ ಕೇಳುತ್ತಿದ್ದೇನೆ: "ಸರ್, ನಮ್ಮ ಹುಡುಗ ನೋಡಿ ಕಲಿಯಾಂವ ಅಂತ. ಓದಿದ್ರ ತಲಿಗೆ ಹತ್ತಂಗಿಲ್ಲ." ಮೊಬೈಲಿನಲ್ಲಿ ನಾಲ್ಕಾರು ಪ್ರಶ್ನೆಗೆ ಉತ್ತರ ಒತ್ತಿದರೆ ಸಾಕು, ಹಣೆಪಟ್ಟಿ ಸಿದ್ಧ.

ನೋಡುವುದು, ಕೇಳುವುದು, ಓದಿ ಬರೆಯುವುದು, ಮಾಡುವುದು ಎಂಬ ನಾಲ್ಕು ಬಗೆಯ ವಾರ್ಕ್ ಮಾದರಿಯನ್ನು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1992ರಲ್ಲಿ ಮುಂದಿಟ್ಟರು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನಶ್ಶಾಸ್ತ್ರಜ್ಞರು ಇಂಥ ವಿಂಗಡಣೆಗಳ ಬಗೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಮಕ್ಕಳಿಗೆ ತಮ್ಮದೇ ಇಷ್ಟದ ದಾರಿ ಇರುವುದು ನಿಜ. ಆ ದಾರಿಯಲ್ಲೇ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ಮಾತ್ರ ಸಾಕಷ್ಟು ಪುರಾವೆ ಸಿಗಲಿಲ್ಲ.

ಹಾಗಂತ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಮುಗಿಸಬೇಕಾ? ಇಲ್ಲ. ಪಾಠ ಏನು ಕೇಳುತ್ತದೋ ಅದನ್ನು ಕೊಡಬೇಕು, ಎಲ್ಲ ಮಕ್ಕಳಿಗೂ. ಭಾರತದ ನಕಾಶೆ ಕಣ್ಣಿಲ್ಲದೆ ಆಗದು. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ಓಟ ಗಟ್ಟಿಯಾಗಿ ಓದಿದಾಗಲೇ ಸಿಗುತ್ತದೆ, ಸುಮ್ನೆ ಪ್ರಸ್ತಾರ ಹಾಕುತ್ತ ಕೂತರೆ ಅಲ್ಲ.

ಹತ್ತನೇ ತರಗತಿಯ ತ್ರಿಕೋನಮಿತಿಗೆ ನಾನು ಮಕ್ಕಳನ್ನು ಊರಿನ ನೀರಿನ ಟ್ಯಾಂಕಿನ ಹತ್ತಿರ ಕರೆದೊಯ್ಯುತ್ತೇನೆ. ಕೋನಮಾಪಕದ ನಡುವಿನಿಂದ ದಾರ ಇಳಿಬಿಟ್ಟು ತುದಿಗೆ ಸಣ್ಣ ಕಲ್ಲು ಕಟ್ಟುತ್ತೇವೆ. ಅದರ ನೇರ ಅಂಚಿನ ಗುಂಟ ಟ್ಯಾಂಕಿನ ತುದಿ ನೋಡುತ್ತ, ದಾರ 45ರ ಗೆರೆಗೆ ಬರುವವರೆಗೆ ಹಿಂದೆ ಸರಿಯಬೇಕು. ಅಲ್ಲಿಂದ ಟ್ಯಾಂಕಿನ ಬುಡಕ್ಕೆ ಇರುವ ದೂರಕ್ಕೆ ಕಣ್ಣಿನ ಎತ್ತರ ಕೂಡಿಸಿದರೆ ಟ್ಯಾಂಕಿನ ಎತ್ತರ ಬಂತು. ಟ್ಯಾನ್ 45 ಅಂದರೆ 1 ಯಾಕೆ ಅಂತ ಆಮೇಲೆ ಯಾರೂ ಕೇಳುವುದಿಲ್ಲ. ಆದರೆ ತರಗತಿಗೆ ಬಂದು ಚಿತ್ರ ಬಿಡಿಸಿ ಲೆಕ್ಕ ಬರೆಯಲೇಬೇಕು. ಇಲ್ಲದಿದ್ದರೆ ಅದು ಬರೀ ತಿರುಗಾಟ. ಪಾಲಕರು ಕತ್ತರಿಸಿ ಕೊಟ್ಟ ಥರ್ಮಾಕೋಲ್ ಮಾದರಿಯನ್ನಂತೂ ನಾನು ಚಟುವಟಿಕೆ ಎಂದು ಕರೆಯುವುದಿಲ್ಲ.

ಮಕ್ಕಳ ನಡುವಿನ ದೊಡ್ಡ ವ್ಯತ್ಯಾಸ ಬೇರೆ ಕಡೆ ಇದೆ: ಅವರಿಗೆ ಮೊದಲೇ ಗೊತ್ತಿರುವುದರಲ್ಲಿ. ರೋಣದ ಕಡೆಯ ರೈತರ ಮಗಳಿಗೆ ಎರಿ (ಕಪ್ಪು ಮಣ್ಣಿನ) ಹೊಲದ ಹಸಿ ಗೊತ್ತು. ಹಿಂಗಾರಿ ಜೋಳ, ಕಡಲೆ ಅದೇ ಹಸಿಯ ಮೇಲೆ ಬರುವುದನ್ನು ನೋಡಿದ್ದಾಳೆ. ಅವಳಿಗೆ ನೇರ "ಯಾಕೆ?" ಎಂದು ಕೇಳಬಹುದು. ಹುಬ್ಬಳ್ಳಿ ಪೇಟೆಯಲ್ಲಿ ಬೆಳೆದ ಹುಡುಗನಿಗೆ ಮೊದಲು ಎರಿ, ಮಸಾರಿ (ಕೆಂಪು) ಮಣ್ಣು ಎರಡನ್ನೂ ತಂದು ನೀರು ಹಾಕಿ ತೋರಿಸಬೇಕು. ಮನೆಯಲ್ಲಿ ಲಂಬಾಣಿ, ಉರ್ದು ಆಡುವ ಮಕ್ಕಳಿಗೆ ಪಾಠಕ್ಕಿಂತ ಮುಂಚೆ ಪಾಠದ ಮಾತುಗಳು ಬೇಕು.

ಅರವತ್ತು ಮಕ್ಕಳ ತರಗತಿಯಲ್ಲಿ ಇದನ್ನೆಲ್ಲ ತಿಳಿಯುವುದು ಹೇಗೆ? ಕೊನೆಯ ಐದು ನಿಮಿಷ ಪುಸ್ತಕ ಮುಚ್ಚಿಸಿ, ನೆನಪಿರುವುದನ್ನು ಚೀಟಿಯಲ್ಲಿ ಬರೆಸಿ. ಮತ್ತೆ ಮತ್ತೆ ಓದಿದವರಿಗಿಂತ ನೆನಪು ಮಾಡಿಕೊಂಡು ಬರೆದವರಿಗೆ ವಾರದ ನಂತರ ಹೆಚ್ಚು ನೆನಪಿತ್ತು ಎಂದು ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದ್ದಾರೆ. ಚೀಟಿಗೆ ಅಂಕ ಹಾಕಬೇಡಿ, ಹಾಕಿದರೆ ಪಕ್ಕದವನದು ನೋಡಿ ಬರೆಯುತ್ತಾರೆ. ಸ್ಟಾಫ್ ರೂಮಿನಲ್ಲಿ ಅವನ್ನು ಮೂರು ಗುಂಪು ಮಾಡಿ: ಸರಿ ಬರೆದವರು, ಅರ್ಧ ಬರೆದವರು, ಏನೂ ಬರೆಯದವರು. ಮರುದಿನದ ಪಾಠವನ್ನು ಮೂರನೇ ಗುಂಪಿನಿಂದ ಶುರು ಮಾಡಿ.