ಸುಡದೆ ಹುಟ್ಟಿದ ಬೂದಿ

ಜ್ವಾಲಾಮುಖಿಯ ಬೂದಿ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಅಲ್ಲಿ ಏನೂ ಸುಟ್ಟಿರುವುದಿಲ್ಲ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಷಿಯಂ ಕಾರ್ಬೊನೇಟ್ ಇರುವುದರಿಂದ ನೀರಿಗೆ ಬಿದ್ದೊಡನೆ ಕ್ಷಾರವಾಗುತ್ತದೆ. ಜ್ವಾಲಾಮುಖಿ ಉಗುಳುವುದು 2 ಮಿಲಿಮೀಟರಿಗಿಂತ ಸಣ್ಣದಾದ ಕಲ್ಲಿನ ಚೂರು, ಹರಳು ಮತ್ತು ಗಾಜು. ಕಣಗಳ ಮೈಗೆ ಅಂಟಿದ ಸಲ್ಫೇಟ್, ಕ್ಲೋರೈಡ್ ಲವಣಗಳು ಕಡಲಿನ ಮೇಲ್ಪದರದಲ್ಲೇ ಬೇಗನೆ ಕರಗಿ ತೊಳೆದುಹೋಗುತ್ತವೆ. 'ಬೂದಿ ಬಿದ್ದು ಸಮುದ್ರವೇ ವಿಷವಾಯಿತು' ಎಂದು ಗಾಬರಿಪಡುವವರಿಗೆ ಕಡಲಿನ ಗಾತ್ರದ ಅಂದಾಜಿಲ್ಲ. ಬೂದಿಯ ನಿಜವಾದ ಕೆಲಸ ಶುರುವಾಗುವುದು ಅದು ತಳದ ಕೆಸರಿನಲ್ಲಿ ಹೂತ ಮೇಲೆ. ಅದು ಬದಲಿಸುವುದು ಕಣಗಳ ಸಂದಿಯಲ್ಲಿ ಸಿಕ್ಕಿಕೊಂಡ ನೀರನ್ನು.

ಗಾಜೆಂದರೆ ಪರಮಾಣುಗಳಿಗೆ ಸಾಲುಗಟ್ಟಲು ಸಮಯ ಸಿಗದೆ ಗಟ್ಟಿಯಾದ ಶಿಲಾರಸ. ಗೋಡೆಯಾಗದೆ ರಾಶಿಬಿದ್ದ ಇಟ್ಟಿಗೆ. ಅದು ನಿಧಾನವಾಗಿ ಕರಗುತ್ತ ನೀರಿನ ಹೈಡ್ರೋಜನ್ ಅಯಾನು ಹೀರಿಕೊಂಡು ಸಿಲಿಕಾ, ಸೋಡಿಯಂ, ಕ್ಯಾಲ್ಸಿಯಂ ಬಿಟ್ಟುಕೊಡುತ್ತದೆ. ಅದೇ ಜಾಗದಲ್ಲಿ ಸ್ಮೆಕ್ಟೈಟ್ ಎಂಬ ಜೇಡಿ ಬೆಳೆಯುತ್ತದೆ. ಅದಕ್ಕೆ ಬೇಕಾದ ಮೆಗ್ನೀಸಿಯಂ ಬರುವುದು ನೀರಿನಿಂದ. ಸಮುದ್ರದ ನೀರಿನ ಪ್ರತಿ ಕಿಲೋಗೆ ಮೆಗ್ನೀಸಿಯಂ ಸುಮಾರು 53 ಮಿಲಿಮೋಲ್, ಕ್ಯಾಲ್ಸಿಯಂ ಸುಮಾರು 10. ಬೂದಿ ಹೆಚ್ಚಿರುವ ಕೆಸರಿನಲ್ಲಿ ಆಳಕ್ಕೆ ಹೋದಂತೆ ಮೊದಲನೆಯದು ಇಳಿಯುತ್ತದೆ, ಎರಡನೆಯದು ಏರುತ್ತದೆ.

ಆಳಕಡಲಿನ ತಳ ಕೊರೆದು ನೋಡುವ ಯೋಜನೆಯಾದ ಡೀಪ್ ಸೀ ಡ್ರಿಲ್ಲಿಂಗ್ ಪ್ರಾಜೆಕ್ಟ್ 1968ರಲ್ಲಿ ಕೊರೆಯಲು ಹೊರಟ ಮೇಲೆ ಇಂಥ ಏರಿಳಿತ ಎಷ್ಟೋ ಕಡೆ ಕಂಡಿತು. ಆದರೆ ಕೆಸರಿನ ಅಡಿಯ ಬಸಾಲ್ಟ್ ಬಂಡೆಯೂ ಇದೇ ಕೆಲಸ ಮಾಡಬಲ್ಲದು. ಹಾಗಾದರೆ ಕಳ್ಳ ಯಾರು? ಯಾವ ಆಳದಲ್ಲಿ ಮೆಗ್ನೀಸಿಯಂ ಎಷ್ಟಿದೆ ಎಂದು ನಕ್ಷೆಯಲ್ಲಿ ಎಳೆದ ಗೆರೆಯ ಆಕಾರದಲ್ಲಿದೆ ಉತ್ತರ.

ಎರಡು ತೊಟ್ಟಿಗಳ ನಡುವೆ ಉದ್ದದ ಕೊಳವೆ ಇದೆಯೆನ್ನಿ. ನಡುವೆ ಯಾರೂ ನೀರು ಸೆಳೆಯದಿದ್ದರೆ ಒತ್ತಡ ಒಂದೇ ಇಳಿಜಾರಿನಲ್ಲಿ ತಗ್ಗುತ್ತದೆ. ನಡುವೆ ಒಂದು ನಲ್ಲಿ ತೆರೆದರೆ ಅಲ್ಲಿ ಗೆರೆ ಮುರಿಯುತ್ತದೆ. ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಬೀದಿಯಲ್ಲಿ ಮೂಟೆ ಹೊತ್ತವರು ಸಾಗುತ್ತಿದ್ದಾರೆ. ಒಂದು ಮನೆಯವರು ಅರ್ಧ ಮೂಟೆಗಳನ್ನು ಇಳಿಸಿಕೊಂಡರೆ ಮುಂದಿನ ಮನೆಗಳೆದುರು ಹಾಯುವುದು ಉಳಿದರ್ಧ ಮಾತ್ರ. ಮೆಗ್ನೀಸಿಯಂ ಗೆರೆ ತಳದವರೆಗೂ ನೇರವಾಗಿದ್ದರೆ ಹೀರುತ್ತಿರುವುದು ಅಡಿಯ ಬಂಡೆ. ನಡುವೆ ಮಣಿದರೆ ಹೀರುವವರು ಅಲ್ಲೇ ಇದ್ದಾರೆ. ಪದರವಾಗಿ ಕಾಣದೆ ಕೆಸರಿನಲ್ಲಿ ಬೆರೆತುಹೋದ ಬೂದಿಯನ್ನೂ ಈ ಬಾಗು ಹಿಡಿದುಕೊಡುತ್ತದೆ. ಅವಸರ ಮಾತ್ರ ಸಲ್ಲದು: ಅಯಾನು ಕೆಸರಿನಲ್ಲಿ 1 ಮೀಟರ್ ಹರಡಲು ಸುಮಾರು 30 ವರ್ಷ ಬೇಕು, 10 ಮೀಟರಿಗೆ ಹತ್ತು ಪಟ್ಟಲ್ಲ, ನೂರು ಪಟ್ಟು, ಸುಮಾರು 3,000 ವರ್ಷ.

ಬಾಗು ಕಂಡೊಡನೆ ಬೂದಿ ಎಂದು ತೀರ್ಪು ಕೊಡಲೂ ಆಗದು. ಕಾರ್ಬೊನೇಟ್ ಖನಿಜ ಕಟ್ಟಿಕೊಂಡರೂ ಗೆರೆ ಬಾಗುತ್ತದೆ. ಆಗ ಸಾಕ್ಷಿ ಹೇಳುವುದು ಸ್ಟ್ರಾನ್ಷಿಯಂ. ಅದರ 87 ಮತ್ತು 86 ಐಸೋಟೋಪುಗಳ (ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳ) ಅನುಪಾತ ಇಂದಿನ ಸಮುದ್ರದಲ್ಲಿ 0.7092, ದ್ವೀಪಸಾಲಿನ ಜ್ವಾಲಾಮುಖಿಗಳ ಗಾಜಿನಲ್ಲಿ ಅದಕ್ಕಿಂತ ಕಡಿಮೆ, ಎಷ್ಟೋ ಕಡೆ 0.704ರ ಆಸುಪಾಸು. ನೀರಿನ ಸಂಖ್ಯೆ ಅತ್ತ ಜಾರಿದರೆ ಗಾಜು ಕರಗಿದೆ. ಜೊತೆಗೆ ಹೊಸ ಜೇಡಿ ಭಾರದ ಆಕ್ಸಿಜನ್-18 ಅನ್ನು ಹೆಚ್ಚು ಸೆಳೆದುಕೊಳ್ಳುವುದರಿಂದ ಉಳಿದ ನೀರು ಹಗುರಾಗುತ್ತದೆ.

ಹೊಸ ಬೂದಿಯ ಇನ್ನೊಂದು ಕೈಚಳಕ ಕರಗಿದ ಆಕ್ಸಿಜನ್ ನುಂಗುವುದು. ಅದರಲ್ಲಿರುವ ಫೆರಸ್ ಕಬ್ಬಿಣ ಆಕ್ಸಿಜನ್ನಿನೊಡನೆ ಸೇರಿ ತುಕ್ಕಾಗುತ್ತದೆ. ಕೆರಿಬಿಯನ್ನಿನ ಮಾಂಟ್ಸೆರಾಟ್ ದ್ವೀಪದಲ್ಲಿ 1995ರಲ್ಲಿ ಸೂಫ್ರಿಯೇರ್ ಹಿಲ್ಸ್ ಸಿಡಿಯತೊಡಗಿದ ಬಳಿಕ ಸಮೀಪದ ಕಡಲತಳದಲ್ಲಿ ಅಳೆದಾಗ, ಬೂದಿ ಪದರದೊಳಗೆ ಕೆಲವೇ ಮಿಲಿಮೀಟರ್ ಇಳಿಯುವಷ್ಟರಲ್ಲಿ ಆಕ್ಸಿಜನ್ ಮುಗಿದಿತ್ತು.

ಇದೆಲ್ಲ ಗೊತ್ತಾಗಬೇಕಾದರೆ ಮೊದಲು ಆ ನೀರು ಕೈಗೆ ಸಿಗಬೇಕು. ಕೊರೆದು ಮೇಲೆತ್ತಿದ ಕೆಸರಿನ ಕಂಬದಿಂದ 5ರಿಂದ 10 ಸೆಂಟಿಮೀಟರಿನ ತುಂಡು ಕತ್ತರಿಸಿ, ಕೊರೆಯುವ ನೀರು ತಾಗಿದ ಹೊರಮೈಯನ್ನು ಕೆರೆದು ಬಿಸಾಡುತ್ತಾರೆ. ತುಂಡನ್ನು ಒತ್ತುಯಂತ್ರಕ್ಕಿಟ್ಟು ಹಿಂಡಿ, ಬಂದ ನೀರನ್ನು 0.45 ಅಥವಾ 0.2 ಮೈಕ್ರೋಮೀಟರ್ ಶೋಧಕದಲ್ಲಿ ಸೋಸುತ್ತಾರೆ. ಪಿಎಚ್, ಕ್ಷಾರೀಯತೆ ಹಡಗಿನಲ್ಲೇ, ತಡಮಾಡದೆ ಅಳೆಯಬೇಕು. ಲೋಹಗಳ ಪಾಲಿಗೆ ನೈಟ್ರಿಕ್ ಆಮ್ಲ ಸೇರಿಸದಿದ್ದರೆ ಕಬ್ಬಿಣ ತುಕ್ಕಾಗಿ ತಳ ಸೇರುತ್ತದೆ. ಸಲ್ಫೇಟ್ ಪೂರ್ತಿ ಖಾಲಿಯಾಗಿರಬೇಕಾದ ಆಳದ ಮಾದರಿಯಲ್ಲಿ 1.4 ಮಿಲಿಮೋಲ್ ಸಿಕ್ಕರೆ, ಸಮುದ್ರದ 28ಕ್ಕೆ ಹೋಲಿಸಿ, 5 ಶೇಕಡಾ ಹೊರನೀರು ನುಗ್ಗಿದೆ ಎಂದು ಲೆಕ್ಕ. ಎಲ್ಲಕ್ಕಿಂತ ಸುಲಭವಾಗಿ ಆಗುವ ತಪ್ಪು ಬೆಚ್ಚಗಾಗಿಸುವುದು. ಕಡಲತಳದ ತಂಪಿನಲ್ಲಿ ಹಿಂಡದೆ ಕೋಣೆಯ ಬಿಸಿಗೆ ಬಿಟ್ಟರೆ ಜೇಡಿ ಪೊಟ್ಯಾಷಿಯಂ ಉಗುಳುತ್ತದೆ. ಇದು 1969ರಲ್ಲೇ ತೋರಿಸಿಕೊಟ್ಟ ಸಂಗತಿ. ಬೂದಿಯ ಜೇಡಿ ಹೀರಿದ ಪೊಟ್ಯಾಷಿಯಂ ಲೆಕ್ಕ ಹಾಕಲು ಹೊರಟವರಿಗೆ ಆಗ ಸಿಗುವುದು ತಮ್ಮ ಪ್ರಯೋಗಾಲಯದ ಉಷ್ಣತೆಯ ಲೆಕ್ಕ.